ಕಜ್ಜಿಗೆ ಬೇವು–ಅರಿಶಿನ: ರೂಢಿ ಮತ್ತು ಪುರಾವೆ



ಮಗುವಿನ ಬೆರಳ ಸಂದಿಯಲ್ಲಿ ಗುಳ್ಳೆಗಳೆದ್ದು ರಾತ್ರಿಯ ವೇಳೆ ತುರಿಕೆ ಹೆಚ್ಚಿದರೆ ಹಳ್ಳಿಯ ಮನೆಗಳಲ್ಲಿ ಮೊದಲು ನೆನಪಾಗುವುದು ಬೇವಿನ ಸೊಪ್ಪು. ಅದನ್ನು ಅರಿಶಿನದೊಡನೆ ಅರೆದು ಮೈಗೆ ಹಚ್ಚುವುದು, ಬೇವಿನ ಎಲೆ ಕುದಿಸಿದ ನೀರಿನಿಂದ ಸ್ನಾನ ಮಾಡಿಸುವುದು, ಕೆಲವೆಡೆ ಹೊಂಗೆ ಎಣ್ಣೆ ಸವರುವುದು ತಲೆಮಾರುಗಳಿಂದ ನಡೆದುಬಂದಿದೆ.

ಈ ರೂಢಿಗೆ ಪುರಾವೆ ಇಲ್ಲವೆನ್ನಲಾಗದು. 1992ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 814 ಮಂದಿ ಕಜ್ಜಿ ರೋಗಿಗಳಿಗೆ ಬೇವು–ಅರಿಶಿನದ ಲೇಪ ಹಚ್ಚಲಾಯಿತು, ಶೇ. 97ರಷ್ಟು ಮಂದಿ 3ರಿಂದ 15 ದಿನಗಳಲ್ಲಿ ಗುಣ ಹೊಂದಿದರೆಂದು ವರದಿಯಾಯಿತು. ಆದರೆ ಅದು ಪ್ರಾಥಮಿಕ ಅಧ್ಯಯನ. ಬೇರೆ ಔಷಧ ಪಡೆದ ಗುಂಪಿನೊಡನೆ ಹೋಲಿಕೆ ಇರಲಿಲ್ಲವಾದ್ದರಿಂದ ಎಷ್ಟು ಗುಣ ಲೇಪದಿಂದ, ಎಷ್ಟು ಸ್ನಾನ ಮತ್ತು ಶುಚಿತ್ವದಿಂದ ಎಂಬುದು ಅದರಿಂದ ತೀರ್ಮಾನವಾಗದು. ಮನೆಯಲ್ಲಿ ಅರೆದ ಲೇಪದ ಸತ್ವವೂ ಎಲೆಯಿಂದ ಎಲೆಗೆ, ಕೈಯಿಂದ ಕೈಗೆ ಬೇರೆಯಾಗುತ್ತದೆ.

ಲೇಪಕ್ಕಿಂತ ಮುಖ್ಯವಾದುದು ಕಜ್ಜಿಯ ಸ್ವಭಾವ. ಬರಿಗಣ್ಣಿಗೆ ಕಾಣುವುದೇ ಕಷ್ಟವಾದ ಹೆಣ್ಣು ಹುಳು ಚರ್ಮದೊಳಗೆ ಬಿಲ ಕೊರೆದು ಮೊಟ್ಟೆ ಇಡುತ್ತದೆ. ಮೊದಲ ಬಾರಿ ತಗುಲಿದವರಿಗೆ ತುರಿಕೆ ಆರಂಭವಾಗಲು 4ರಿಂದ 6 ವಾರ ಬೇಕು. ಅಷ್ಟರಲ್ಲಿ ಒಂದೇ ಕಂಬಳಿಯಲ್ಲಿ ಮಲಗುವ ಅಕ್ಕತಂಗಿಯರು, ಅಜ್ಜಿ, ತಾಯಿ ಎಲ್ಲರಿಗೂ ಹುಳು ದಾಟಿರುತ್ತದೆ. ತುರಿಸಿಕೊಳ್ಳುವ ಮಗುವಿಗೆ ಮಾತ್ರ ಔಷಧ ಹಚ್ಚಿದರೆ, ಅದು ಬೇವಾಗಲಿ ಮುಲಾಮಾಗಲಿ, ತಿಂಗಳೊಳಗೆ ಕಜ್ಜಿ ಮರಳುವುದು. ಆಗ ಔಷಧಕ್ಕೆ ಕೆಟ್ಟ ಹೆಸರು ಬರುತ್ತದೆ.

ಇದು ಸಣ್ಣ ಕಾಯಿಲೆಯೂ ಅಲ್ಲ. ಕೆರೆದ ಗಾಯ ಕೀವಾದರೆ ಕೆಲವು ಮಕ್ಕಳಲ್ಲಿ ಮೂತ್ರಪಿಂಡದ ಉರಿಯೂತಕ್ಕೂ ಕಾರಣವಾಗಬಹುದು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕಜ್ಜಿಯನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು.

ಚೆನ್ನಾಗಿ ಪರೀಕ್ಷೆಗೊಳಗಾದ ಚಿಕಿತ್ಸೆ ಶೇ. 5ರ ಪರ್ಮೆಥ್ರಿನ್ ಮುಲಾಮು. ಕುತ್ತಿಗೆಯಿಂದ ಪಾದದವರೆಗೆ, ಉಗುರಿನ ಅಂಚೂ ಬಿಡದಂತೆ, ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆದು, ವಾರದ ನಂತರ ಮತ್ತೊಮ್ಮೆ ಹಚ್ಚಬೇಕು. ಮನೆಯವರೆಲ್ಲರೂ ಅದೇ ರಾತ್ರಿ ಹಚ್ಚಿಕೊಳ್ಳಬೇಕು. ಬಟ್ಟೆ, ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು; ಒಗೆಯಲಾಗದವನ್ನು ಕೆಲವು ದಿನ ಚೀಲದಲ್ಲಿ ಕಟ್ಟಿಟ್ಟರೆ ಹುಳು ಸಾಯುತ್ತದೆ. ಹಸುಗೂಸು, ಗರ್ಭಿಣಿಯರ ವಿಷಯದಲ್ಲಿ ವೈದ್ಯರ ಸಲಹೆ ಕಡ್ಡಾಯ. ಬೇವಿನ ನೀರಿನ ಸ್ನಾನಕ್ಕೆ ಅಡ್ಡಿಯಿಲ್ಲ. ಬೇವಿನ ಎಣ್ಣೆಯನ್ನು ಮಾತ್ರ ಮಕ್ಕಳಿಗೆ ಕುಡಿಸಬಾರದು. ಅದರಿಂದ ಫಿಟ್ಸ್ ಬಂದ ಪ್ರಕರಣಗಳು ದಾಖಲಾಗಿವೆ. ಹಸಿ ಬೆಳ್ಳುಳ್ಳಿ ಅರೆದು ಕಟ್ಟಿದರೆ ಚರ್ಮ ಸುಡುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಮುಲಾಮು ತುರಿಕೆಯನ್ನು ಅಡಗಿಸಿ ರೋಗವನ್ನು ಬೆಳೆಸುತ್ತದೆ. ನಾಟಿ ಮದ್ದಿಗಿಂತ ಇಂದು ಹೆಚ್ಚು ಹಾನಿ ಮಾಡುತ್ತಿರುವುದು ಬಹುಶಃ ಇದೇ.

ಎಲ್ಲ ಮನೆಗೂ ಒಂದೇ ರಾತ್ರಿ ಎಂಬ ಕೆಲಸ ವೈದ್ಯಾಧಿಕಾರಿಯೊಬ್ಬರಿಂದ ಆಗದು. ಒಂದು ಕೇರಿಯಲ್ಲಿಯೋ ವಿದ್ಯಾರ್ಥಿನಿಲಯದಲ್ಲಿಯೋ ಎರಡು ಮೂರು ಮಕ್ಕಳಿಗೆ ತುರಿಕೆ ಕಂಡೊಡನೆ ಸದಸ್ಯರು ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ವಿಷಯವನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯ ಮುಂದಿಟ್ಟು, ಚಿಕಿತ್ಸೆಯ ದಿನ ಗೊತ್ತುಮಾಡಬೇಕು. ಮರುದಿನ ಬೆಳಿಗ್ಗೆ ಆ ಕೇರಿಯ ನಲ್ಲಿಗೆ ಹೆಚ್ಚು ಹೊತ್ತು ನೀರು ಬಿಡುವಂತೆ ನೀರುಗಂಟಿಗೆ ಮೊದಲೇ ಸೂಚಿಸತಕ್ಕದ್ದು. ಹುಳು ಸತ್ತ ಮೇಲೂ ತುರಿಕೆ 2ರಿಂದ 4 ವಾರ ಉಳಿಯಬಹುದೆಂಬುದನ್ನು ಅಂದೇ ಮನೆಮನೆಗೂ ತಿಳಿಸತಕ್ಕದ್ದು.