ದೊಡ್ಡವ್ವನ ಅರ್ಜಿ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕವಿತೆ ಓದಲು ಕರೆದಿದ್ದೀರಿ. ಇವತ್ತು ಕವಿತೆ ತಂದಿಲ್ಲ, ಅರ್ಜಿ ತಂದಿದ್ದೇನೆ. ನಮ್ಮ ದೊಡ್ಡವ್ವನದು. ಹೆಬ್ಬೆಟ್ಟು ಅವಳದು, ಅಕ್ಷರ ನನ್ನದು.

ಎರಡು ವರ್ಷದ ಹಿಂದೆ ನಮ್ಮ ಕೇರಿಯಲ್ಲಿ ಒಬ್ಬ ಕುಡಿದು ಬಂದು ಹೆಂಡತಿಯನ್ನು ಕೊಂದ. ಏಳು ವರ್ಷದ ಮಗಳು ಮೂಲೆಯಲ್ಲಿ ಕೂತು ನೋಡಿತು. ಅವನು ಜೈಲಿಗೆ ಹೋದ. ಪೊಲೀಸರು ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಿದರು. ದೊಡ್ಡವ್ವ ಹೋಗಿ "ನಾನು ಸಾಕ್ತೀನಿ ಸ್ವಾಮಿ" ಅಂದಳು. ಸಂಬಂಧ ಏನು ಅಂತ ಕೇಳಿದರು. "ಪಕ್ಕದ ಮನೆ" ಅಂದಳು. ಸದ್ಯಕ್ಕೆ ಇಟ್ಟುಕೊ ಅಂತ ಒಂದು ಚೀಟಿ ಕೊಟ್ಟರು. ಯಾವ ಕಲಂ ಕೆಳಗೆ ಅಂತ ಅದರಲ್ಲಿ ಬರೆದಿರಲಿಲ್ಲ.

ಮಗು ಮಾತಾಡುತ್ತಿರಲಿಲ್ಲ. ರಾತ್ರಿ ಚಾಪೆ ಒದ್ದೆ. ಮುದ್ದೆ ಅರ್ಧ ತಿಂದು ಇನ್ನರ್ಧ ಕಂಬಳಿ ಮಡಿಕೆಯಲ್ಲಿ ಬಚ್ಚಿಡೋದು. ಗಂಡಸಿನ ಚಪ್ಪಲಿ ಸದ್ದಾದರೆ ಒಲೆ ಹಿಂದಕ್ಕೆ ಓಟ. ಹಾಗಾಗಿ ನಾನು ಅಲ್ಲಿಗೆ ಹೋದಾಗ ಚಪ್ಪಲಿ ಬೀದಿಯಲ್ಲೇ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗ್ತಿದ್ದೆ. ನಮ್ಮ ತಾತಂದಿರು ಗೌಡರ ಬೀದಿಯಲ್ಲಿ ಚಪ್ಪಲಿ ಕೈಲಿ ಹಿಡಿದು ನಡೆದವರು. ಆ ಚಪ್ಪಲಿಯ ಕತೆ ಬೇರೆ. ಇದು ನಾನು ಮನಸಾರೆ ಬಿಟ್ಟ ಚಪ್ಪಲಿ.

ದೊಡ್ಡವ್ವ ಮನಶ್ಶಾಸ್ತ್ರ ಓದಿದವಳಲ್ಲ. ಮಗು ಸ್ಕೂಲಿಗೆ ಹೋದ ಮೇಲೆ ಒಣಗಿದ ಮುದ್ದೆ ತೆಗೆದು ಆ ಜಾಗದಲ್ಲಿ ಬೆಲ್ಲದ ಚೂರು ಇಡ್ತಿದ್ದಳು. ಎಂಟನೇ ತಿಂಗಳಲ್ಲಿ ಒಂದು ಸಂಜೆ ಮಗು "ಕೋಳಿ ಮುಚ್ಚಿದ್ಯಾ ಅವ್ವ?" ಅಂತು. ದೊಡ್ಡವ್ವ ಅತ್ತದ್ದನ್ನು ನಾನು ಅವತ್ತೇ ಮೊದಲು ಕಂಡದ್ದು.

ಹನ್ನೊಂದನೇ ತಿಂಗಳಲ್ಲಿ ಜೀಪು ಬಂತು. ಒಂದೇ ಕೋಣೆ, ಕಕ್ಕಸಿಲ್ಲ, ಗಂಡನಿಲ್ಲ ಅಂತ ಬರೆದುಕೊಂಡರು. ಮಗು ಮಾತಾಡುವುದಿಲ್ಲ, ಆರೈಕೆ ಸರಿಯಿಲ್ಲ ಅಂತಲೂ ಬರೆದರು. ಬೂಟು ಹಾಕಿದ ಗಂಡಸು ಒಳಗೆ ನುಗ್ಗಿದರೆ ಆ ಮಗು ಮಾತಾಡುತ್ತದೆಯೇ? ಅರವತ್ತು ಕಿಲೋಮೀಟರು ದೂರದ ಸಂಸ್ಥೆಗೆ ಒಯ್ದರು. ದೊಡ್ಡವ್ವ ಮೊದಲ ಸಲ ಹೋದಾಗ ತೋರಿಸಿದರು. ಎರಡನೇ ಸಲ, ನೀನು ರಕ್ತಸಂಬಂಧಿ ಅಲ್ಲ ಅಂತ ಗೇಟಿನಿಂದಲೇ ಕಳಿಸಿದರು.

ತನಿಖೆಯೇ ಬೇಡ ಅಂತ ನಾನು ಹೇಳ್ತಿಲ್ಲ. ಆ ತಾಯಿಯನ್ನು ಕೊಂದವನು ನಮ್ಮ ಕೇರಿಯವನೇ. ಮಕ್ಕಳನ್ನು ಹೊಡೆಯುವವರು, ದುಡಿಸುವವರು ನಮ್ಮಲ್ಲೂ ಇದ್ದಾರೆ. ಆದರೆ ತನಿಖೆ ಅಂದರೆ ಏನು? 2015ರ ಬಾಲನ್ಯಾಯ ಕಾಯ್ದೆಯನ್ನು ಓದಿ. ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ ಅನ್ನುತ್ತದೆ ಅದರ 3ನೇ ಕಲಂ. ಸಾಕುವ ಮನೆಯನ್ನು, ಅವರ ಭಾಷೆಯಲ್ಲಿ ಫಾಸ್ಟರ್ ಕೇರ್ ಕುಟುಂಬವನ್ನು, ಆರಿಸಲು 44ನೇ ಕಲಂ ನೋಡುವುದು ಸಾಮರ್ಥ್ಯ, ಉದ್ದೇಶ, ಮಕ್ಕಳನ್ನು ಸಾಕಿದ ಅನುಭವ. ಕೋಣೆಗಳ ಲೆಕ್ಕ ಆ ಕಲಮಿನಲ್ಲಿಲ್ಲ. ಗಂಡನಿಲ್ಲದ ಹೆಣ್ಣೂ ಸಾಕಬಹುದು ಅಂತ 2024ರ ಕೇಂದ್ರ ಮಾರ್ಗಸೂಚಿಯೇ ಹೇಳಿದೆ. ಸಮಿತಿ ತಿಂಗಳು ತಿಂಗಳೂ ತಪಾಸಣೆ ಮಾಡಬೇಕು. ಹತ್ತು ತಿಂಗಳು ಯಾರೂ ಬರಲಿಲ್ಲ, ಬಂದವರು ಒಯ್ಯಲು ಬಂದರು. ಮಿಷನ್ ವಾತ್ಸಲ್ಯದಲ್ಲಿ ಇಂಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆ. ಚೀಟಿಯಲ್ಲಿ ಕಲಂ ಇಲ್ಲದ್ದರಿಂದ ದೊಡ್ಡವ್ವನಿಗೆ ಒಂದು ಪೈಸೆಯೂ ಬರಲಿಲ್ಲ. ಬಡತನಕ್ಕೆ ಕೊಡಬೇಕಾದ ದುಡ್ಡು ಕೊಡದೆ ಬಡತನವನ್ನೇ ತಪ್ಪು ಅಂತ ಬರೆಯೋದು, ಇದು ಯಾವ ನ್ಯಾಯ?

ಫಾಸ್ಟರ್ ಕೇರ್ ತೀರ್ಮಾನದ ಮೇಲೆ 30 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು. ನಮಗೆ ಆದೇಶದ ನಕಲು ಸಿಕ್ಕಿದ್ದು ಐವತ್ತನೇ ದಿನ. ಕಲಮಿನ ನಂಬರನ್ನು ನನ್ನ ಕಿವಿಯಲ್ಲಿ ಹೇಳಿದ್ದು ಅದೇ ಆಫೀಸಿನ ಒಬ್ಬ ಗುಮಾಸ್ತೆ. ಆಕೆಗೆ ನಮಸ್ಕಾರ. ತಡವಾದದ್ದು ಯಾಕೆ ಅಂತ ಕಾರಣ ಬರೆದು ಹಾಕಿದೆವು. ಕಡತ ಮಲಗಿದೆ.

ಅಮೆರಿಕದ ಮೂಲನಿವಾಸಿಗಳ ಮಕ್ಕಳನ್ನೂ ಹೀಗೇ ಬಡತನ ತೋರಿಸಿ ಬಿಳಿಯರ ಮನೆಗಳಿಗೆ, ಸಂಸ್ಥೆಗಳಿಗೆ ಒಯ್ದರು. ಆ ಜನ ಹೋರಾಡಿ 1978ರಲ್ಲಿ ಕಾನೂನು ತಂದರು: ಮೊದಲು ಬಂಧುಗಳು, ಆಮೇಲೆ ಅದೇ ಬುಡಕಟ್ಟಿನ ಮನೆ. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಬಾಬಾಸಾಹೇಬರ ತಾಯಿ ತೀರಿಕೊಂಡಾಗ ಅವರಿನ್ನೂ ಪುಟ್ಟ ಹುಡುಗ. ಸಾಕಿದ್ದು ಸೋದರತ್ತೆ ಮೀರಾಬಾಯಿ. ಆಕೆಯ ಬೆನ್ನು ಗೂನು. ನಮ್ಮ ಜೀಪಿನವರು ಆಕೆಯ ಮುಂದೆ ನಿಂತಿದ್ದರೆ ಕಾಗದದ ಮೇಲೆ ಏನು ಬರೆಯುತ್ತಿದ್ದರೋ!

ಹಾಸ್ಟೆಲಿನ ಮೊದಲ ರಾತ್ರಿ ನಿಮಗೆ ನೆನಪಿರಬೇಕು. ಅವ್ವನ ಹಳೇ ಸೀರೆ ಹೊದ್ದು ಉಸಿರು ಕಟ್ಟಿ ಅತ್ತದ್ದು. ನಮಗೆ ದಸರಾ ರಜ ಇತ್ತು, ಹೋಗಲು ಮನೆ ಇತ್ತು. ಆ ಮಗುವಿಗೆ ಈಗ ಒಂಬತ್ತು ವರ್ಷ. ಮತ್ತೆ ಮಾತು ಬಿಟ್ಟಿದೆಯಂತೆ.

ಹೊಸ ಅರ್ಜಿ ಬುಧವಾರ ಸಮಿತಿಯ ಮುಂದೆ ಬರುತ್ತದೆ. ದೊಡ್ಡವ್ವ ಆರೂವರೆ ಬಸ್ಸಿಗೆ ಹೊರಡ್ತಾಳೆ. ಲಾ ಓದುತ್ತಿರುವವರು ಇಬ್ಬರಾದರೂ ಜೊತೆಗೆ ಬನ್ನಿ, ಬಸ್ ಚಾರ್ಜು ಚಂದಾ ಎತ್ತೋಣ. ಬೂಟು ಹಾಕಿಕೊಂಡು ಬರಬೇಡಿ. ಅವತ್ತು ಮಗುವನ್ನೂ ಕರೆತರುತ್ತಾರಂತೆ.

ಜೈಭೀಮ್.