ಹಗ್ಗ ಯಾರ ಕೊರಳಿಗೆ?

(ಕುಮಟಾದಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ಅಘನಾಶಿನಿ ದಡದ ನಮ್ಮ ಈ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಗಲ್ಲನ್ನು ಬರೆದಿಟ್ಟ ಬ್ರಿಟಿಷರ ದಂಡಸಂಹಿತೆ ಜಾರಿಗೆ ಬಂದದ್ದೂ ಅದೇ ವರ್ಷ. ಅದಕ್ಕೂ ಮೊದಲೇ ಘಟ್ಟದ ಮೇಲೆ ಹಗ್ಗ ಬಲಿ ತಗೊಂಡಿತ್ತು: 1831ರಲ್ಲಿ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣ, 1857ರಲ್ಲಿ ಆಯುಧ ಒಪ್ಪಿಸೆವೆಂದ ಹಲಗಲಿಯ ಬೇಡರು.

1955ರ ತನಕ ಕೊಲೆಗೆ ಗಲ್ಲು ಕೊಡದಿದ್ದರೆ ನ್ಯಾಯಾಧೀಶ ಕಾರಣ ಬರೀಬೇಕಿತ್ತು. 1973ರ ಕಾನೂನು ಇದನ್ನು ತಿರುವಿ ಹಾಕಿತು. ಗಲ್ಲಿಗೇ ವಿಶೇಷ ಕಾರಣ ಬೇಕೆಂದಿತು. ನಮ್ಮ ರಾಜ್ಯದಲ್ಲಿ ಕಡೆಯ ಗಲ್ಲು ಆದದ್ದು 1983ರಲ್ಲಿ, ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ಆದರೆ ಶಿಕ್ಷೆ ಇನ್ನೂ ಸತ್ತಿಲ್ಲ.

ಯಾರು ಕಾಯ್ತಾ ಕೂತಿದ್ದಾರೆ? 2016ರಲ್ಲಿ ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ದೇಶದ ಗಲ್ಲು ಕೈದಿಗಳ ಲೆಕ್ಕ ತೆಗೆಯಿತು. ನೂರಕ್ಕೆ 74 ಮಂದಿ ಬಡವರು. ಹತ್ತಿರ ಹತ್ತಿರ ನಾಲ್ಕರಲ್ಲಿ ಒಬ್ಬ ದಲಿತ, ಇಲ್ಲವೇ ಆದಿವಾಸಿ.

ಇನ್ನೊಂದು ಲೆಕ್ಕ ಕೇಳಿ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ.

ಅದನ್ನು ಓದಿದ ದಿನ ನನ್ನ ಬಾಯಲ್ಲೂ ‘ಗಲ್ಲಿಗೆ ಹಾಕಿ’ ಅಂತಲೇ ಬಂತು. ಆಮೇಲೆ ಯೋಚಿಸಿದೆ: ಗಲ್ಲು ಕಾನೂನಿನಲ್ಲಿ ಇತ್ತಲ್ಲ! ಇಲ್ಲದೇ ಹೋದದ್ದು ಸಾಕ್ಷಿ ಹೇಳುವವನ ಬೆನ್ನಿಗೊಂದು ಕೈ.

ಬಾಬಾಸಾಹೇಬರು 1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲಿ ಮರಣದಂಡನೆಯನ್ನೇ ತೆಗೆದುಹಾಕುವುದು ಮೇಲು ಎಂದರು. ನಾವು ಹಗ್ಗ ಕೇಳುವುದು ಬೇಡ. ಕಾನೂನು ಓದೋಣ. ಕೇರಿಯ ಸಾಕ್ಷಿ ಕೋರ್ಟಿನ ಮೆಟ್ಟಿಲು ಹತ್ತುವಾಗ ಪಕ್ಕದಲ್ಲಿ ನಡೆಯೋಣ.

ಜೈ ಭೀಮ್.