ತುರ್ತು ಚಿಕಿತ್ಸೆಯ ಬಾಗಿಲಲ್ಲಿ ಕೇಳಬೇಕಾದ ಪ್ರಶ್ನೆ

(ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ ನಡೆದ ಆರೋಗ್ಯ ಜಾಗೃತಿ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾವು ಆಸ್ಪತ್ರೆಗೆ ಹೋಗುವುದು ಯಾವಾಗ? ಎದೆ ಹಿಡಿದುಕೊಂಡಾಗ, ಬೈಕಿನಿಂದ ಬಿದ್ದಾಗ, ಸಕ್ಕರೆ ಕಾಯಿಲೆಯವರು ಪ್ರಜ್ಞೆ ತಪ್ಪಿದಾಗ. ಆರೋಗ್ಯವಾಗಿರುವಾಗ ಅತ್ತ ತಲೆ ಹಾಕುವ ರೂಢಿ ನಮ್ಮಲ್ಲಿಲ್ಲ. ಅನೇಕರ ಪಾಲಿಗೆ, ವಿಶೇಷವಾಗಿ ನಮ್ಮ ಸ್ತ್ರೀಯರ ಪಾಲಿಗೆ, ಹೆರಿಗೆಯ ದಿನಗಳು ಕಳೆದ ಬಳಿಕ ವೈದ್ಯರ ಮುಖ ಕಾಣುವ ಏಕೈಕ ಸ್ಥಳವೆಂದರೆ ತುರ್ತು ಚಿಕಿತ್ಸಾ ವಿಭಾಗ. ಕ್ಯಾನ್ಸರ್ ತಪಾಸಣೆಯ ಮಾತನ್ನು ಅಲ್ಲಿಯೇ ಏಕೆ ಎತ್ತಬಾರದು ಎಂಬುದು ಇಂದು ನಾವು ನಿಮ್ಮ ಮುಂದಿಡುವ ಪ್ರಶ್ನೆ.

ನಮಗೆ ಪರಿಚಯವಿದ್ದ ಖಾಲಾ ಒಬ್ಬರನ್ನು ರಾತ್ರಿಯ ವೇಳೆ ಒಂದು ಆಸ್ಪತ್ರೆಗೆ ಕರೆದೊಯ್ದೆವು. ಸಕ್ಕರೆ ಕುಸಿದಿತ್ತು. ಗ್ಲೂಕೋಸ್ ಏರಿಸಿದರು, ಬೆಳಗಾಗುವಷ್ಟರಲ್ಲಿ ಎದ್ದು ಕುಳಿತರು, ಮನೆಗೆ ಕಳುಹಿಸಿದರು. ಮುಟ್ಟು ನಿಂತು ಹತ್ತು ವರ್ಷಗಳಾದ ಮೇಲೆ ತಮಗೆ ಮತ್ತೆ ರಕ್ತ ಕಾಣಿಸುತ್ತಿದೆ ಎಂಬುದನ್ನು ಅವರು ಹೇಳಲಿಲ್ಲ, ಅಲ್ಲಿದ್ದವರು ಕೇಳಲಿಲ್ಲ. ಒಂದು ವರ್ಷ ಕಳೆದು ಅದೇ ಬಾಗಿಲಿಗೆ ಮತ್ತೆ ಬಂದಾಗ ಗರ್ಭಕಂಠದ ಕ್ಯಾನ್ಸರ್ ಮೂತ್ರನಾಳವನ್ನು ಒತ್ತಿತ್ತು. ಅವರು ಬಹಳ ದಿನ ಉಳಿಯಲಿಲ್ಲ. ಆ ರಾತ್ರಿ ಅವರ ಜೊತೆಗಿದ್ದ ನಾವೂ ಕೇಳಲಿಲ್ಲವಲ್ಲ ಎಂಬುದು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಜೀವ ಉಳಿಸುವ ಧಾವಂತದಲ್ಲಿರುವ ವೈದ್ಯರು ಅಲ್ಲಿಯೇ ಗರ್ಭಕಂಠದ ಪರೀಕ್ಷೆ ಮಾಡಲಿ ಎಂದು ನಾವು ಹೇಳುವುದಿಲ್ಲ. ಅದು ಸಾಧ್ಯವೂ ಅಲ್ಲ, ಯೋಗ್ಯವೂ ಅಲ್ಲ. ರೋಗಿ ಚೇತರಿಸಿಕೊಂಡು ಬಿಡುಗಡೆಯಾಗುವ ಹೊತ್ತಿಗೆ ಎರಡು ಪ್ರಶ್ನೆ ಕೇಳಿ, ಎಲ್ಲಿಗೆ, ಯಾವ ದಿನ ಹೋಗಬೇಕೆಂದು ಒಂದು ಚೀಟಿ ಬರೆದುಕೊಟ್ಟರೆ ಸಾಕು. ಅಮೆರಿಕದ ರಾಚೆಸ್ಟರ್ ನಗರದ ವೈದ್ಯರು ಇದನ್ನೇ ಪ್ರಯೋಗಿಸಿದ್ದಾರೆ. ಬೇರಾವುದೋ ಕಾರಣಕ್ಕೆ ತುರ್ತು ವಿಭಾಗಕ್ಕೆ ಬಂದ ಸ್ತ್ರೀಯರಲ್ಲಿ ತಪಾಸಣೆ ಬಾಕಿಯಿರುವವರನ್ನು ಗುರುತಿಸಿ, ಬಳಿಕ ಮೊಬೈಲ್ ಸಂದೇಶಗಳ ಮೂಲಕ ನೆನಪಿಸಿದರು.

ನಮ್ಮಲ್ಲಿ ಇನ್ನೊಂದು ಅನುಕೂಲವಿದೆ. ಅಲ್ಲಿ ರೋಗಿ ಒಬ್ಬನೇ ಬರುತ್ತಾನೆ, ಇಲ್ಲಿ ಒಬ್ಬ ರೋಗಿಯ ಹಿಂದೆ ಎಂಟು ಮಂದಿ ನೆಂಟರು! ಸಾಲಹಳ್ಳಿಯಿಂದ ರಾಮದುರ್ಗಕ್ಕೆ, ಅಲ್ಲಿಂದ ಬೆಳಗಾವಿಗೋ ಹುಬ್ಬಳ್ಳಿಗೋ ಹೋದವರು ಹೊರಗಿನ ಬೆಂಚಿನಲ್ಲಿ ಹಗಲಿರುಳು ಕಾಯುತ್ತಾರೆ. ಅವರಲ್ಲಿ ಬಹುಪಾಲು ಮೂವತ್ತು ದಾಟಿದವರೇ. ಅವರನ್ನು ಮಾತನಾಡಿಸಲು ಒಬ್ಬ ನರ್ಸ್ ಸಾಕಲ್ಲವೇ?

ಸರಕಾರದ ನಿಯಮವೂ ಇದಕ್ಕೆ ವಿರುದ್ಧವಾಗಿಲ್ಲ. ಮೂವತ್ತು ದಾಟಿದ ಎಲ್ಲರಿಗೂ ಬಾಯಿಯ, ಸ್ತ್ರೀಯರಿಗೆ ಸ್ತನದ ಮತ್ತು ಗರ್ಭಕಂಠದ ತಪಾಸಣೆಯನ್ನು ಐದು ವರ್ಷಗಳಿಗೊಮ್ಮೆ ಮಾಡಬೇಕೆಂದು ಕೇಂದ್ರವು 2016ರಲ್ಲಿಯೇ ಮಾರ್ಗಸೂಚಿ ಹೊರಡಿಸಿತು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವಯಸ್ಸಿನ ಸ್ತ್ರೀಯರ ಪೈಕಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಕಾಗದದ ಮೇಲಿನ ಯೋಜನೆಗೂ ಮನೆಯ ಹೊಸ್ತಿಲಿಗೂ ಇರುವ ಅಂತರ ಇದು. ರಾಜ್ಯ ಸರಕಾರ 2024ರಲ್ಲಿ ಕೋಲಾರದಿಂದ ಆರಂಭಿಸಿದ ಗೃಹ ಆರೋಗ್ಯ ಯೋಜನೆಯು ಈ ಅಂತರವನ್ನು ತುಂಬುವುದೇ ಎಂಬುದನ್ನು ನಾವು ಕಾದು ನೋಡಬೇಕಾಗಿಲ್ಲ, ಕೇಳಿ ಪಡೆಯಬೇಕಾಗಿದೆ.

ತಪಾಸಣೆಯೆಂದರೆ ಭಯಪಡುವಂಥದ್ದೇನಲ್ಲ. ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನಲ್ಲಿರುವ ಹುಳಿಯನ್ನೇ ಹಚ್ಚಿ, ಒಂದು ನಿಮಿಷ ಕಾದು, ಬಿಳಿ ಕಲೆ ಮೂಡುವುದೇ ಎಂದು ನೋಡುತ್ತಾರೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಸ್ತ್ರೀಯರನ್ನೊಳಗೊಂಡ ಅಧ್ಯಯನ ನಡೆಸಿದರು. ಪರೀಕ್ಷಿಸಿದವರು ವೈದ್ಯರಲ್ಲ, ತರಬೇತಿ ಪಡೆದ ಹತ್ತನೆಯ ತರಗತಿ ಓದಿದ ಮಹಿಳೆಯರು. ಪರೀಕ್ಷೆಗೊಳಗಾದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವುಗಳು ಶೇಕಡಾ 31ರಷ್ಟು ಕಡಿಮೆಯಾದವು. ಪರಪುರುಷ ವೈದ್ಯರ ಮುಂದೆ ಹೇಗೆ ಎಂಬ ನಮ್ಮ ಸಹೋದರಿಯರ ಸಂಕೋಚಕ್ಕೂ ಇದರಲ್ಲಿ ಉತ್ತರವಿದೆ. ಮಹಿಳಾ ಸಿಬ್ಬಂದಿಯನ್ನು ಕೇಳುವುದು ನಿಮ್ಮ ಹಕ್ಕು. ಹಾಗೆಯೇ, ಸಂಕೋಚವನ್ನು ಮುಂದೆ ಮಾಡಿ ಮನೆಯ ಹೆಣ್ಣುಮಕ್ಕಳನ್ನು ತಡೆಯುವ ಅಧಿಕಾರ ಗಂಡಂದಿರಿಗಿಲ್ಲ.

ಗಂಡಸರ ವಿಷಯಕ್ಕೆ ಬಂದರೆ ಬಾಯಿಯೇ ಎಲ್ಲವನ್ನೂ ಹೇಳುತ್ತದೆ. ಗುಟ್ಕಾವನ್ನು ರಾಜ್ಯವು 2013ರಲ್ಲಿ ನಿಷೇಧಿಸಿತು. ವ್ಯಾಪಾರಿಗಳು ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆ ಬೇರೆ ಚೀಟುಗಳಲ್ಲಿ ಮಾರತೊಡಗಿದರು, ನಮ್ಮ ಯುವಕರು ಅಂಗೈಯಲ್ಲಿ ಬೆರೆಸಿಕೊಂಡರು. ಹೆಂಗಸರೂ ಹಲ್ಲಿಗೆ ಮಿಶ್ರಿ ತಿಕ್ಕುತ್ತಾರೆ, ಅದೂ ಸುಟ್ಟ ತಂಬಾಕೇ. ಬಾಯಿ ಮೂರು ಬೆರಳಿನಷ್ಟು ತೆರೆಯದಿದ್ದರೆ, ಬಿಳಿ ಅಥವಾ ಕೆಂಪು ಕಲೆ ಇದ್ದರೆ, ಎರಡು ವಾರಕ್ಕೂ ಮಾಯದ ಹುಣ್ಣಿದ್ದರೆ ತೋರಿಸಬೇಕು. ಕೇರಳದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು, ತಂಬಾಕು ಅಥವಾ ಮದ್ಯ ಸೇವಿಸುವವರ ಬಾಯಿಯನ್ನು ಬರಿಗಣ್ಣಿನಿಂದ ಪರೀಕ್ಷಿಸುವುದರಿಂದಲೇ ಸಾವುಗಳನ್ನು ತಗ್ಗಿಸಬಹುದೆಂದು ತೋರಿಸಿದೆ.

1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸಂಸ್ಥೆಗೆ ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿಟ್ಟರು. ದುರದೃಷ್ಟವೆಂದರೆ, 'ಕಿದ್ವಾಯಿಗೆ ಹೋದರು' ಎಂದರೆ ಆಸೆ ಬಿಡಿ ಎಂಬ ಅರ್ಥವನ್ನು ನಮ್ಮ ಜನ ಅದಕ್ಕೆ ಹಚ್ಚಿಬಿಟ್ಟರು. ತಡವಾಗಿ ಹೋದವರನ್ನು ಕಂಡು ಹುಟ್ಟಿದ ಮಾತಿದು. ಬೇಗ ಹೋಗಿ ಗುಣವಾಗಿ ಬಂದವರು ಅದನ್ನು ಊರಲ್ಲಿ ಹೇಳಿಕೊಳ್ಳುವುದೇ ಇಲ್ಲ, ಮಗಳ ಸಂಬಂಧ ತಪ್ಪೀತೆಂಬ ಹೆದರಿಕೆ.

ಮುಂದೆ ನಿಮ್ಮ ಮನೆಯವರನ್ನು ತುರ್ತಾಗಿ ಆಸ್ಪತ್ರೆಗೆ ಒಯ್ಯುವ ಪ್ರಸಂಗ ಬಂದರೆ, ಅಲ್ಲಾಹನು ಅದನ್ನು ದೂರವಿಡಲಿ, ಬಿಡುಗಡೆಯ ಚೀಟಿ ಕೈಗೆ ಬಂದಾಗ ನೀವೇ ಕೇಳಿರಿ: ಇವರ ಕ್ಯಾನ್ಸರ್ ತಪಾಸಣೆ ಎಲ್ಲಿ, ಎಂದು? ಉತ್ತರವನ್ನು ಅದೇ ಚೀಟಿಯ ಮೇಲೆ ಬರೆಸಿಕೊಳ್ಳಿರಿ. ಇಂದು ಅಸರ್ ನಮಾಝಿನ ತನಕ ಆಶಾ ಕಾರ್ಯಕರ್ತೆಯರು ಸ್ತ್ರೀಯರ ವಿಭಾಗದಲ್ಲಿ ಕುಳಿತಿರುತ್ತಾರೆ. ಮೂವತ್ತು ದಾಟಿದವರು ಹೆಸರು ಬರೆಸಿಯೇ ಹೊರಡಬೇಕೆಂದು ವಿನಂತಿ.